ಎರಡು ಎಕರೆ, 18,000 ಕ್ವಿಂಟಲ್

ಕೇಳುಗರಿಗೆ ನಮಸ್ಕಾರ.

ಬ್ಯಾಡಗಿಯಲ್ಲಿ ನಮ್ಮ ಸೋದರಮಾವನ ದಲಾಲಿ ಅಂಗಡಿ ಇದೆ. ಮೆಣಸಿನಕಾಯಿ ವ್ಯಾಪಾರ. ರೈತರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಮಾಡಿಕೊಡೋಕೆ ಪೈಥಾನ್‌ನಲ್ಲಿ ನಾನೊಂದು ಪ್ರೋಗ್ರಾಂ ಬರೆದಿದ್ದೆ. ಸೀಸನ್ನಿನಲ್ಲಿ ಒಂದು ದಿನ ಹಿರಿಯರೊಬ್ಬರು ಪಟ್ಟಿ ಹಿಡಿದುಕೊಂಡೇ ಬಂದರು. "ಅಲ್ಲೋ ತಮ್ಮಾ, ನಮ್ಮ ಎರಡ ಎಕರೇದಾಗ 18,000 ಕ್ವಿಂಟಲ್ ಬಂತೇನಪಾ?"

ನೋಡಿದರೆ, ಹೌದು. ತೂಕ 18,000 ಕ್ವಿಂಟಲ್, ದರ 6 ರೂಪಾಯಿ! ಮೊತ್ತ ಮಾತ್ರ ಸರಿ, 1,08,000. ಅದಲು ಬದಲಾದರೂ ಗುಣಾಕಾರ ಅದೇ ಅಲ್ವಾ? ಹಾಗಾಗಿ ಅಂಗಡಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಪ್ಪು ನನ್ನದೇ. ಒಂದೊಂದು ಲಾಟಿನ ವಿವರವನ್ನೂ ಟ್ಯೂಪಲ್‌ನಲ್ಲಿ ಇಟ್ಟಿದ್ದೆ. ಟ್ಯೂಪಲ್ ಅಂದರೆ ಸಾಲಾಗಿ ಜೋಡಿಸಿ ಕಟ್ಟಿದ ಗಂಟು. ಒಳಗಿನದನ್ನು ನಂಬರಿನಿಂದಲೇ ಕರೆಯಬೇಕು, ಎಣಿಕೆ ಸೊನ್ನೆಯಿಂದ. ಸೊನ್ನೆ ಲಾಟ್ ನಂಬರು, ಒಂದು ಚೀಲ, ಎರಡು ತೂಕ, ಮೂರು ದರ. ಆಮೇಲೆ ಈ ವಿವರ ಬರುವ ಫೈಲಿನಲ್ಲಿ ದರದ ಕಾಲಂ ತೂಕಕ್ಕಿಂತ ಮುಂದೆ ಬಂತು. ಎರಡು ಅಂದರೆ ತೂಕ ಅಂತ ನನ್ನ ತಲೆಯಲ್ಲಿತ್ತು, ಪ್ರೋಗ್ರಾಂಗೆ ಏನು ಗೊತ್ತು?

ಇದಕ್ಕೆ ಮದ್ದು ನೇಮ್ಡ್‌ಟ್ಯೂಪಲ್. 2008ರಲ್ಲಿ ಬಂದ ಪೈಥಾನ್ 2.6ರಿಂದಲೂ ಅದರ ಜೊತೆಗೇ ಬರುವ ಕಲೆಕ್ಷನ್ಸ್ ಮಾಡ್ಯೂಲಿನಲ್ಲಿದೆ. ಒಂದೇ ಸಾಲಿನಲ್ಲಿ ಪ್ರತಿ ಜಾಗಕ್ಕೂ ಹೆಸರು ಕೊಡಬಹುದು. ಪೈಥಾನ್ 3 ಕನ್ನಡ ಹೆಸರನ್ನೂ ಒಪ್ಪುತ್ತದೆ. ಲಾಟ್ ಚುಕ್ಕೆ ತೂಕ, ಲಾಟ್ ಚುಕ್ಕೆ ದರ ಅಂತ ಬರೆದರೆ ಸಾಕು. ಮಾವ ಕೂಡ ಓದಬಲ್ಲರು!

ಆದರೆ ಹೆಸರಿಟ್ಟ ಮೇಲೂ ಒಮ್ಮೆ ಮುಗ್ಗರಿಸಿದೆ. ಫೈಲಿನ ಸಾಲನ್ನು ಬಂದ ಕ್ರಮದಲ್ಲೇ ಸುಮ್ನೆ ತುಂಬಿಸಿದ್ದೆ. ಮತ್ತೆ ಅದೇ 18,000 ಕ್ವಿಂಟಲ್, ಈ ಸಲ ಹೆಸರು ಸಮೇತ! ನೇಮ್ಡ್‌ಟ್ಯೂಪಲ್ ಕೂಡ ಒಳಗೊಳಗೆ ಟ್ಯೂಪಲ್ಲೇ, ಕ್ರಮ ಬಿಡುವುದಿಲ್ಲ. ಈಗ ಕಾಲಮ್ಮಿನ ತಲೆಬರಹ ನೋಡಿ, ತೂಕ ಇಷ್ಟು, ದರ ಇಷ್ಟು ಅಂತ ಹೆಸರು ಹೇಳಿಯೇ ತುಂಬಿಸುತ್ತೇನೆ.

ದರ ತಿದ್ದಬೇಕಾದರೆ? ನೇಮ್ಡ್‌ಟ್ಯೂಪಲ್ ಬಿಡುವುದಿಲ್ಲ. ರಿಪ್ಲೇಸ್ ಅಂದರೆ ಹೊಸ ದರದ ಇನ್ನೊಂದು ಲಾಟ್ ಮಾಡಿಕೊಡುತ್ತದೆ, ಹಳೆಯದು ಹಾಗೇ ಇರುತ್ತದೆ. ತಿದ್ದೋಕೆ ಬರುವಂಥದ್ದೇ ಬೇಕು ಅಂದರೆ 2018ರ ಪೈಥಾನ್ 3.7ರಲ್ಲಿ ಡೇಟಾಕ್ಲಾಸ್ ಬಂದಿದೆ. ನಾನು ಆ ಕಡೆ ಹೋಗಲಿಲ್ಲ. ಮಾವನ ಕಿರ್ದಿ ಪುಸ್ತಕದಲ್ಲೂ ಅಳಿಸಿ ಬರೆಯೋ ಪದ್ಧತಿ ಇಲ್ಲ.