ಕಾರ್ನ್‌ವಾಲಿಸನ ಹತ್ತಿರ ದೋಣಿಯವರಿರಲಿಲ್ಲ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನಲವತ್ತು ನಿಮಿಷ ಅಂದಿದ್ದರು. ಸ್ವಾಗತ, ಹಾರ, ಶಾಲು ಮುಗಿಯುವಷ್ಟರಲ್ಲಿ ಇಪ್ಪತ್ತು ಉಳಿದಿದೆ. ಇರಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೂ ನಮ್ಮ ಮಂಡ್ಯಕ್ಕೂ ಏನ್ ಸಾರ್ ಸಂಬಂಧ ಅಂತ ಬಾಗಿಲಲ್ಲೇ ಒಬ್ಬರು ಹಿಡಿದು ನಿಲ್ಲಿಸಿದರು. ಸಂಬಂಧ ಇದೆ, ಹೇಳುತ್ತೇನೆ.

ಬ್ರಿಟಿಷರ ವಿರುದ್ಧ ಮೊದಲು ನಡೆದ ಕಾಳಗಗಳು, 1775ರ ಲೆಕ್ಸಿಂಗ್ಟನ್, ಬಂಕರ್ ಹಿಲ್, ನಿಮಗೆ ಗೊತ್ತಿರುವುದೇ. ನನ್ನ ತಕರಾರು ಬೇರೆ. ಈ ಯುದ್ಧದ ಕಥೆ ಹೇಳುವವರೆಲ್ಲ ಬಂದೂಕು ಹಿಡಿದವರನ್ನೇ ಹೊಗಳುತ್ತಾರೆ, ದೋಣಿಯಲ್ಲಿ ಕೂತು ಹುಟ್ಟು ಹಾಕಿದವರನ್ನು ಯಾರೂ ಕೇಳುವುದಿಲ್ಲ. ನಾನು ಕರಾವಳಿಯ ಗಂಗೊಳ್ಳಿ ಕಡೆಯವನು, ಅದಕ್ಕೇ ನನಗೆ ಸಿಟ್ಟು ಸ್ವಲ್ಪ ಜಾಸ್ತಿ.

1776ರ ಆಗಸ್ಟ್. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಅಮೆರಿಕದವರ ಸೇನಾಪತಿ ವಾಷಿಂಗ್ಟನ್ ಚೆನ್ನಾಗಿ ಸೋತ. ಎದುರಿಗೆ ಬ್ರಿಟಿಷ್ ಸೈನ್ಯ, ಬೆನ್ನಿಗೆ ಹೊಳೆ. ಆಗ ಕೈ ಹಿಡಿದವರು ಮಸಾಚುಸೆಟ್ಸಿನ ಮಾರ್ಬಲ್‌ಹೆಡ್ ಅನ್ನೋ ಊರಿನ ಮೀನುಗಾರರು, ಜಾನ್ ಗ್ಲೋವರನ ಪಡೆ. ಒಂದೇ ರಾತ್ರಿಯಲ್ಲಿ ಸುಮಾರು 9,000 ಜನರನ್ನು ಸದ್ದಿಲ್ಲದೆ ಆಚೆ ದಡಕ್ಕೆ ಹಾಕಿದರು. ಬೆಳಗ್ಗೆ ಮಂಜು ಕವಿದಿತ್ತು, ಅದೂ ಪುಣ್ಯ. ಮಂಜು ಸರಿದಾಗ ಬ್ರಿಟಿಷರಿಗೆ ಸಿಕ್ಕಿದ್ದು ಖಾಲಿ ಬಿಡಾರ!

ಅದೇ ವರ್ಷ ಡಿಸೆಂಬರ್ 25ರ ರಾತ್ರಿ ಡೆಲವೇರ್ ಹೊಳೆ. ಆ ಪ್ರಸಿದ್ಧ ಚಿತ್ರ ನೋಡಿರುತ್ತೀರಿ, ವಾಷಿಂಗ್ಟನ್ ದೋಣಿಯಲ್ಲಿ ಕಂಬದ ಹಾಗೆ ನಿಂತಿರುವುದು. ನಮ್ಮಜ್ಜ ಇದ್ದಿದ್ದರೆ "ಕೂತ್ಕೊ ಮಾರಾಯ, ಮಗುಚಿ ಹಾಕ್ತೀಯ" ಅಂತ ಬೈಯುತ್ತಿದ್ದ. ಚಿತ್ರ ಬರೆದದ್ದು 1851ರಲ್ಲಿ, ಅದೂ ಜರ್ಮನಿಯಲ್ಲಿ. ಅದರಲ್ಲಿರುವ ನಕ್ಷತ್ರದ ಬಾವುಟ ಆ ರಾತ್ರಿ ಇನ್ನೂ ಹುಟ್ಟಿರಲಿಲ್ಲ. ನಿಜವಾದ ದೋಣಿಗಳು ಕಬ್ಬಿಣದ ಅದಿರು ಸಾಗಿಸುತ್ತಿದ್ದ ಉದ್ದನೆಯ ಡರ್ಹಮ್ ದೋಣಿಗಳು. ಹೊಳೆ ತುಂಬ ಐಸ್ ತುಂಡು, ಮೇಲಿಂದ ಹಿಮ. 2,400 ಜನ, ಕುದುರೆಗಳು, 18 ತೋಪು. ದೋಣಿಯಲ್ಲಿ ಒಂದು ಕುದುರೆ ಬೆದರಿದರೆ ಏನಾಗುತ್ತೆ ಯೋಚಿಸಿ. ನಾನು ಚಿಕ್ಕವನಿದ್ದಾಗ ಒಂದು ಕರು ಬೆದರಿ ಕುಣಿದದ್ದಕ್ಕೆ ನಾವೆಲ್ಲ ನೀರಿಗೆ ಬಿದ್ದಿದ್ದೆವು. ಇವರು ಮಾತ್ರ ಕತ್ತಲಲ್ಲಿ ಎಲ್ಲವನ್ನೂ ದಾಟಿಸಿಬಿಟ್ಟರು. ಇನ್ನೆರಡು ತುಕಡಿಗಳು ಬೇರೆ ಕಡೆಯಿಂದ ದಾಟಬೇಕಿತ್ತು, ಆಗಲಿಲ್ಲ. ಅವರ ಜೊತೆ ಗ್ಲೋವರನವರು ಇರಲಿಲ್ಲ, ಅಷ್ಟೇ!

ಆಮೇಲೆ ಒಂಬತ್ತು ಮೈಲಿ ನಡಿಗೆ, ಬೆಳಗ್ಗೆ ಟ್ರೆಂಟನ್. ಅಲ್ಲಿ ಬ್ರಿಟಿಷರ ಪರ ಇದ್ದ ಜರ್ಮನಿಯ ಹೆಸ್ಸೆಯ ಬಾಡಿಗೆ ಸಿಪಾಯಿಗಳು ಕ್ರಿಸ್‌ಮಸ್ ಕುಡಿತದ ಮತ್ತಿನಲ್ಲಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಮಾತು, ಆಧಾರವಿಲ್ಲ. ಸುಮಾರು 900 ಜನ ಸೆರೆ ಸಿಕ್ಕರು. ಆ ತಿಂಗಳ ಕೊನೆಗೆ ವಾಷಿಂಗ್ಟನ್ನನ ಬಹಳಷ್ಟು ಸಿಪಾಯಿಗಳ ಕರಾರು ಮುಗಿಯುತ್ತಿತ್ತು. ಈ ಗೆಲುವು ಸಿಗದಿದ್ದರೆ ಸೈನ್ಯ ಅನ್ನುವುದೇ ಉಳಿಯುತ್ತಿರಲಿಲ್ಲವೇನೋ.

ಚೀಟಿ ಬಂತು, ಐದು ನಿಮಿಷವಂತೆ. ಸಾರಾಟೋಗಾ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದೆ, ಹೋಗಲಿ. 1777ರ ಅಕ್ಟೋಬರಿನಲ್ಲಿ ಅಲ್ಲಿ ಬ್ರಿಟಿಷ್ ಸೇನಾಪತಿ ಬರ್ಗೋಯ್ನ್ ಶರಣಾದ, ಮುಂದಿನ ಫೆಬ್ರವರಿಯಲ್ಲಿ ಫ್ರಾನ್ಸ್ ಒಪ್ಪಂದಕ್ಕೆ ಸಹಿ ಹಾಕಿ ಅಮೆರಿಕದವರ ಜೊತೆ ನಿಂತಿತು.

ಯಾರ್ಕ್‌ಟೌನ್, 1781. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸಿಕ್ಕಿಬಿದ್ದಿದ್ದಾನೆ. ಸಮುದ್ರದ ಕಡೆ ಫ್ರೆಂಚ್ ಹಡಗುಗಳು, ನೆಲದ ಕಡೆ ವಾಷಿಂಗ್ಟನ್. ಅಕ್ಟೋಬರ್ 16ರ ರಾತ್ರಿ ಇವನೂ ಹೊಳೆ ದಾಟಿ ತಪ್ಪಿಸಿಕೊಳ್ಳಲು ನೋಡಿದ. ಗಾಳಿಮಳೆಗೆ ದೋಣಿಗಳು ಚೆಲ್ಲಾಪಿಲ್ಲಿಯಾದವು. ನಗಬೇಡಿ, ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ. 19ಕ್ಕೆ ಶರಣಾಗತಿ. ಹುಷಾರಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ಇನ್ನೊಬ್ಬನನ್ನು ಕಳಿಸಿದ, ನಾವು ಮದುವೆ ಮುಯ್ಯಿ ಕಳಿಸುವ ಹಾಗೆ.

ಈಗ ಬಾಗಿಲಲ್ಲಿ ನಿಲ್ಲಿಸಿದವರಿಗೆ ಉತ್ತರ. ಅದೇ ಮನುಷ್ಯ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರ ಮೇನಲ್ಲಿ, ಬೆಂಗಳೂರು ಹಿಡಿದ ಮೇಲೆ, ಟಿಪ್ಪುವಿನ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತ. ಅರಕೆರೆ ಹತ್ತಿರ ಕಾವೇರಿ ದಾಟೋಣ ಅಂದರೆ ಆಗಲಿಲ್ಲ, ಕನ್ನಂಬಾಡಿ ಕಡೆ ಹೊರಟ. ಮಳೆ ಶುರುವಾಗಿತ್ತು. ಎತ್ತುಗಳು ದಾರಿಯುದ್ದಕ್ಕೂ ಸಾಯುತ್ತಿದ್ದವು. ಸಿಪಾಯಿಗಳಿಗೇ ಊಟ ಇರಲಿಲ್ಲ, ಇನ್ನು ಎತ್ತಿಗೆಲ್ಲಿ ಮೇವು? ಕೊನೆಗೆ ಕೋಟೆ ಒಡೆಯಲು ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಅಲ್ಲಿ ಹಾಳುಗೆಡವಿ ಬೆಂಗಳೂರಿಗೆ ವಾಪಸ್ ಹೋದ. ಮುಂದಿನ ವರ್ಷ ಮತ್ತೆ ಬಂದು ಏನು ಮಾಡಿದ ಅಂತ ಈ ಜಿಲ್ಲೆಯವರಿಗೆ ನಾನು ಹೇಳಬೇಕಾ?

ಆಯ್ತು ಆಯ್ತು, ಅಧ್ಯಕ್ಷರು ಮೈಕಿಗೆ ಕೈ ಹಾಕಿದ್ದಾರೆ. ಕಾಫಿ ಕುಡಿಯುವಾಗ ಯಾರಾದರೂ ಸಾರಾಟೋಗಾ ಕೇಳಿ, ನಾಲ್ಕು ಪುಟ ಜೇಬಿನಲ್ಲೇ ಇದೆ.