ಕಣ್ಣು ಕೊಟ್ಟ ಅಣ್ಣ

ಕೇಳುಗರಿಗೆ ನಮಸ್ಕಾರ.

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಯಾವುದೇ ಹಳ್ಳಿಗೆ ಹೋಗಿ, ಕಣ್ಣು ಮಂಜಾದ ಹಿರಿಯರನ್ನು ಆಪರೇಷನ್ ಯಾಕೆ ಮಾಡಿಸಿಲ್ಲ ಅಂತ ಕೇಳಿ. "ಪೊರೆ ಇನ್ನಾ ಹಣ್ಣಾಗಿಲ್ರೀ" ಅಂತಾರೆ. ಈ ಮಾತಿನ ಬೇರು ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿಯವರ ಕಾಲದಲ್ಲಿದೆ.

1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮೋದಿಯವರು 1943ರಿಂದ ಉಚಿತ ನೇತ್ರ ಶಿಬಿರಗಳಿಗೇ ಬದುಕು ಕೊಟ್ಟರು. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಅಂತ ಕರೆದರು. ಆಗ ಆಸ್ಪತ್ರೆ ದೂರ. ಕಣ್ಣು ಕಾಣದವರನ್ನು ಕೈಹಿಡಿದು ಕರೆದೊಯ್ಯಬೇಕಾದರೆ ಮನೆಯ ಇನ್ನೊಬ್ಬರು ಕೂಲಿ ಬಿಡಬೇಕು. ಮೋದಿಯವರು ಆಪರೇಷನ್ನನ್ನೇ ಊರಿಗೆ ತಂದರು. ಸಹಾಯಕರು ಕಣ್ಣು ತೊಳೆದು, ಮರಗಟ್ಟುವ ಮದ್ದು ಕೊಟ್ಟು, ಸಾಲಾಗಿ ಮಲಗಿಸುತ್ತಿದ್ದರು. ವೈದ್ಯರು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತ, ತಮ್ಮ ಕೈಯೇ ಬೇಕಾದ ಕೆಲಸವನ್ನಷ್ಟೇ ಮಾಡುತ್ತಿದ್ದರು. ಹೀಗೆ ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ. ಇಪ್ಪತ್ನಾಲ್ಕು ತಾಸು ನಿಲ್ಲದೆ ದುಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗದ ಲೆಕ್ಕ ಅದು!

ಪೊರೆ ಅಂದರೆ ಕಣ್ಣೊಳಗಿನ ಮಸೂರವೇ ಮಂಜಾಗುವುದು. ಆ ಕಾಲದ ಪದ್ಧತಿಯಲ್ಲಿ ಆ ಮಸೂರವನ್ನು ಅದರ ಚೀಲದ ಸಮೇತ ತೆಗೆಯುತ್ತಿದ್ದರು. ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಗಾಯ ದೊಡ್ಡದು, ಪಟ್ಟಿ ಕಟ್ಟಿಕೊಂಡು ಅಲುಗಾಡದೆ ದಿನಗಟ್ಟಲೆ ಮಲಗಬೇಕು. ಆಮೇಲೆ ಸುಮಾರು 10 ನಂಬರಿನ ದಪ್ಪ ಕನ್ನಡಕ. ಅದರಲ್ಲಿ ವಸ್ತುಗಳು ಕಾಲುಪಾಲು ದೊಡ್ಡದಾಗಿ ಕಾಣುತ್ತವೆ, ಬಾಗಿಲ ಚೌಕಟ್ಟು ಬಾಗಿದಂತಿರುತ್ತದೆ, ತಂಬಿಗೆಗೆ ಚಾಚಿದ ಕೈ ತಪ್ಪುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಅದಕ್ಕೇ ದೃಷ್ಟಿ ಪೂರ್ತಿ ಹೋಗುವ ತನಕ ಕಾಯಿರಿ ಅಂತ ವೈದ್ಯರೇ ಹೇಳುತ್ತಿದ್ದರು. ಅಂದಿಗೆ ಅದು ಸರಿಯಾದ ಸಲಹೆ.

ಇಂದಿಗೆ ಅದೇ ಸಲಹೆ ಕಣ್ಣು ಕಳೆಯುತ್ತಿದೆ. ಈಗ ಆರೇಳು ಮಿಲಿಮೀಟರು, ಯಂತ್ರದಲ್ಲಾದರೆ ಮೂರಕ್ಕೂ ಕಡಿಮೆ ಸೀಳು ಸಾಕು. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಚೀಲ ಉಳಿಸಿ, ಅದರೊಳಗೆ ಅಳತೆ ನೋಡಿದ ಲೆನ್ಸ್ ಕೂರಿಸುತ್ತಾರೆ. ಕಾದಷ್ಟೂ ಪೊರೆ ಕಲ್ಲಾಗುತ್ತದೆ, ಚೀಲ ಹರಿಯುವ ಅಪಾಯ ಹೆಚ್ಚುತ್ತದೆ. ಕೆಲವರಲ್ಲಿ ಪೊರೆ ಉಬ್ಬಿ ಅಥವಾ ಸೋರಿ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿ ಬರುತ್ತದೆ. ಮನೆಯವರು ಪಿತ್ತ ಅಂದುಕೊಂಡು ಎರಡು ದಿನ ಕಾಯುತ್ತಾರೆ. ಅಷ್ಟರಲ್ಲಿ ಕಣ್ಣಿನ ನರ ಸತ್ತರೆ ಯಾವ ಆಪರೇಷನ್ನೂ ಅದನ್ನು ಮರಳಿಸದು. ಬೇಸಿಗೆಯಲ್ಲಿ ಮಾಡಿಸಬಾರದು ಅನ್ನುವುದೂ ಹಳೆಯ ಮಾತೇ. ಬಳ್ಳಾರಿ ಬಿಸಿಲಿಗೂ ಇವತ್ತಿನ ಆಪರೇಷನ್ ಕೋಣೆಗೂ ಸಂಬಂಧವಿಲ್ಲ.

ಮನೆಯಲ್ಲೇ ಪರೀಕ್ಷಿಸಿ. ಬೆಳಕಿರುವ ಅಂಗಳದಲ್ಲಿ ಒಂದು ಕಣ್ಣು ಅಂಗೈಯಿಂದ ಮುಚ್ಚಿಸಿ, ಆರು ಮೀಟರು ದೂರದಿಂದ ಬೆರಳು ತೋರಿಸಿ, ಎಣಿಸಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ತಪ್ಪಿದರೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಆಪರೇಷನ್ ಚೆನ್ನಾಗಿ ಆಗಿಯೂ ಮುಂದೆ ಹನಿಮದ್ದಿನಲ್ಲಿ ಕೆಡಬಹುದು. ಕೈ ಸೋಪಿನಿಂದ ತೊಳೆದು, ಕೆಳರೆಪ್ಪೆ ಜಗ್ಗಿ, ಒಂದೇ ಹನಿ ಹಾಕಿ. ಬಾಟಲಿಯ ತುದಿ ರೆಪ್ಪೆಗೂದಲಿಗೂ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇಲ್ಲವಾದರೆ ಮದ್ದು ಗಂಟಲಿಗಿಳಿಯುತ್ತದೆ. ಎರಡನೆಯ ಮದ್ದಿಗೆ ಐದು ನಿಮಿಷ ಬಿಡಿ. ಮದ್ದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಹಂತ ಹಂತವಾಗಿ ಕಡಿಮೆ ಮಾಡುತ್ತ. ವಾರಕ್ಕೇ ಕಣ್ಣು ಕಂಡಿತಲ್ಲ ಅಂತ ನಿಲ್ಲಿಸಿದವರಿಗೆ ಒಳಗೆ ಉರಿಯೂತ ಏಳಬಹುದು. ಭತ್ತದ ರಾಶಿ, ಮೆಣಸಿನಕಾಯಿ ಕಣ, ಒಲೆಯ ಹೊಗೆ, ತಲೆಸ್ನಾನ, ಇವೆಲ್ಲ ವೈದ್ಯರು ಹೇಳುವ ತನಕ ದೂರ. ಮೊದಲ ವಾರ ನೋವು ಏರಿ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಅದು ಸೋಂಕಿರಬಹುದು. ಅಂಗಡಿಯ ಹನಿಮದ್ದು ಬೇಡ, ಅದೇ ದಿನ ಆಸ್ಪತ್ರೆ. ತಿಂಗಳು, ವರ್ಷ ಕಳೆದು ಮತ್ತೆ ಮಂಜಾದರೆ ಪೊರೆ ಮರಳಿತು ಅಂತ ಅಂಜಬೇಡಿ. ಬಹುಪಾಲು ಅದು ಉಳಿಸಿದ ಚೀಲದ ಹಿಂಬದಿ ಮಂಜಾದದ್ದು. ಲೇಸರಿನಿಂದ ಕೆಲವೇ ನಿಮಿಷದ ಕೆಲಸ.

ಮೋದಿಯವರು 2005ರಲ್ಲಿ ತೀರಿಕೊಂಡರು. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೆ ಕರೆದೊಯ್ಯುವ ಕೈ ಇವತ್ತಿಗೂ ಸಾಲದು. ಕಟಾವಿನ ದಿನಗಳಲ್ಲಂತೂ ಮನೆಯಲ್ಲಿ ಉಳಿಯುವವರು ಕಣ್ಣು ಮಂಜಾದ ಅಜ್ಜಿಯೊಬ್ಬರೇ. ಕಟಾವು ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಗೆ ಹೆಸರು ಕೊಟ್ಟಿಡಿ. ಹೊರಡುವಾಗ ಆಧಾರ್ ಕಾರ್ಡ್, ಬಿಪಿ-ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಟಿ ಮರೆಯಬೇಡಿ.