ತರಕಾರಿ ಗಿಡಗಳು ತಾವೇ ತಯಾರಿಸುವ ಶಿಲೀಂಧ್ರನಾಶಕಗಳು

ಮಾನ್ಯರೆ,

ಈರುಳ್ಳಿಯಿಂದ ಆರಂಭಿಸುತ್ತೇನೆ. ಕೆಂಪು ಅಥವಾ ಹಳದಿ ಈರುಳ್ಳಿಯ ಹೊರಗಿನ ಒಣ ಸಿಪ್ಪೆಯಲ್ಲಿ ಕ್ಯಾಟೆಕಾಲ್ ಮತ್ತು ಪ್ರೊಟೊಕ್ಯಾಟೆಚುಯಿಕ್ ಆಮ್ಲ ಎಂಬ ಎರಡು ಫಿನಾಲಿಕ್ ಸಂಯುಕ್ತಗಳಿರುತ್ತವೆ. ತೇವ ತಗುಲಿದಾಗ ಅವು ಕರಗಿ ಹೊರಬಂದು, ಸಿಪ್ಪೆಯ ಮೇಲೆ ಕುಳಿತಿರುವ ಕೊಲೆಟೊಟ್ರೈಕಮ್ ಸರ್ಸಿನಾನ್ಸ್ ಎಂಬ ಶಿಲೀಂಧ್ರದ ಬೀಜಕಗಳನ್ನು ಮೊಳೆಯಗೊಡುವುದಿಲ್ಲ. ಬಿಳಿ ಈರುಳ್ಳಿಗೆ ಈ ಕಾವಲಿಲ್ಲ. ಆದರೆ ಒಣ ಸಿಪ್ಪೆಯನ್ನು ಸುಲಿದುಬಿಟ್ಟರೆ ಕೆಂಪು ಈರುಳ್ಳಿಯ ಒಳಪದರವೂ ಅದೇ ರೋಗಕ್ಕೆ ತುತ್ತಾಗುತ್ತದೆ. ಗಿಡದೊಳಗೆ ಯಾವ ವಿಷವಿದೆ ಎಂದು ಕೇಳುವುದು ನಮಗೆ ರೂಢಿ. ಅದು ಎಲ್ಲಿದೆ, ಯಾವ ಗಳಿಗೆಗೆ ಒದಗುತ್ತದೆ ಎಂದೂ ಕೇಳಬೇಕೆಂಬುದು ನನ್ನ ವಾದ.

ಬೆಳ್ಳುಳ್ಳಿಯ ಇಡಿ ಎಸಳಿಗೆ ಹೇಳಿಕೊಳ್ಳುವಂಥ ಘಾಟಿಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ, ಅಲಿಯಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇದ್ದು, ಕೋಶ ಒಡೆದಾಗ ಮಾತ್ರ ಎರಡೂ ಬೆರೆತು ಕೆಲವೇ ಸೆಕೆಂಡುಗಳಲ್ಲಿ ಘಾಟಿನ, ಶಿಲೀಂಧ್ರವನ್ನು ತಡೆಯುವ ಅಲಿಸಿನ್ ಹುಟ್ಟುತ್ತದೆ. ಎಲೆಕೋಸು, ಮೂಲಂಗಿಗಳಲ್ಲಿರುವ ಗ್ಲುಕೋಸಿನೊಲೇಟು ಎಂಬ ಗಂಧಕಯುಕ್ತ ವಸ್ತುಗಳದೂ ಇದೇ ಏರ್ಪಾಡು.

ಇನ್ನು ಕೆಲವು ವಸ್ತುಗಳು ದಾಳಿಗೆ ಮುನ್ನ ಗಿಡದಲ್ಲಿ ಇರುವುದೇ ಇಲ್ಲ. 1940ರಲ್ಲಿ ಮ್ಯೂಲರ್ ಮತ್ತು ಬೋರ್ಗರ್ ಎಂಬ ಜರ್ಮನ್ ವಿಜ್ಞಾನಿಗಳು ಆಲೂಗಡ್ಡೆಯ ಕತ್ತರಿಸಿದ ಮೈಮೇಲೆ ಅಂಗಮಾರಿ ರೋಗಾಣುವಿನ ದುರ್ಬಲ ಪ್ರಭೇದವನ್ನು ಮೊದಲು ಹಚ್ಚಿ, ಬಳಿಕ ಅದೇ ಜಾಗಕ್ಕೆ ಪ್ರಬಲ ಪ್ರಭೇದವನ್ನು ಹಚ್ಚಿದರು. ಎರಡನೆಯದು ಅಲ್ಲಿ ಬೆಳೆಯಲಿಲ್ಲ. ಮೊದಲ ಸೋಂಕಿಗೆ ಉತ್ತರವಾಗಿ ಗೆಡ್ಡೆಯ ಅಂಗಾಂಶವೇ ಏನನ್ನೋ ತಯಾರಿಸಿದೆ ಎಂದು ತರ್ಕಿಸಿ, ಅದನ್ನು ಫೈಟೊಅಲೆಕ್ಸಿನ್ ಎಂದು ಕರೆದರು. ಬಟಾಣಿಯ ಪಿಸಾಟಿನ್, ಮೆಣಸಿನಕಾಯಿಯ ಕ್ಯಾಪ್ಸಿಡಿಯಾಲ್ ಈ ಗುಂಪಿನವು.

ಶಿಲೀಂಧ್ರಗಳೂ ಸುಮ್ಮನಿರುವುದಿಲ್ಲ. ಟೊಮೆಟೊ ಎಲೆ ಮತ್ತು ಹಸಿರು ಕಾಯಿಯಲ್ಲಿರುವ ಟೊಮಾಟಿನ್, ಶಿಲೀಂಧ್ರದ ಕೋಶಪೊರೆಯಲ್ಲಿರುವ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುಗಳಿಗೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತದೆ. ಸೊರಗು ರೋಗ ತರುವ ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಮಾತ್ರ ಟೊಮಾಟಿನೇಸ್ ಎಂಬ ಕಿಣ್ವದಿಂದ ಆ ಅಣುವಿನ ಸಕ್ಕರೆಯ ಭಾಗವನ್ನೇ ಕತ್ತರಿಸಿ ಅದನ್ನು ನಿರ್ವೀರ್ಯಗೊಳಿಸುತ್ತದೆ. ಅಂಗಮಾರಿ ತರುವ ಫೈಟೊಫ್ತೊರ ಎಂಬ ರೋಗಾಣುವಿಗೆ ಈ ಶ್ರಮವೂ ಬೇಕಿಲ್ಲ. ನಿಜವಾದ ಶಿಲೀಂಧ್ರವೇ ಅಲ್ಲದ ಅದು ಸ್ಟೆರಾಲ್ ತಯಾರಿಸುವುದಿಲ್ಲವಾದ್ದರಿಂದ, ಟೊಮಾಟಿನ್‌ಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಹೀಗಿರುವಾಗ ಬೆಳ್ಳುಳ್ಳಿಯಂಥವುಗಳ ರಸ ಹಿಂಡಿ ಬೆಳೆಗೆ ಸಿಂಪಡಿಸಿದ ಮಾತ್ರಕ್ಕೆ ಗಿಡದ ರಕ್ಷಣೆಯನ್ನು ನಕಲು ಮಾಡಿದಂತಾಯಿತೆಂದು ನಾನು ಒಪ್ಪಲಾರೆ. ಅಲಿಸಿನ್ ಅಸ್ಥಿರ ವಸ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೂಷ್ಟನ್ನು ತಡೆದದ್ದು ಬಿಸಿಲಿಗೊಡ್ಡಿದ ಎಲೆಯ ಮೇಲೆ ಉಳಿಯಬೇಕಲ್ಲ! ದೈತ್ಯ ನಾಟ್‌ವೀಡ್ ಎಂಬ ಸಸ್ಯದ ಸಾರದ ಬಳಕೆ ಇದಕ್ಕಿಂತ ಭಿನ್ನ. ಸೌತೆಯ ಎಲೆಗೆ ಅದನ್ನು ಸಿಂಪಡಿಸಿದಾಗ ಎಲೆ ತನ್ನದೇ ಫಿನಾಲಿಕ್ ಸಂಯುಕ್ತಗಳನ್ನು ಹೆಚ್ಚಿಸಿಕೊಂಡು ಬೂದಿ ರೋಗವನ್ನು ತಡೆಯುತ್ತದೆ. ಆದ್ದರಿಂದಲೇ ಈ ಸಾರವನ್ನು ಎಲೆಯ ಮೇಲೆ ಬಿಳಿ ಪುಡಿ ಹರಡಿದ ಮೇಲಲ್ಲ, ಅದು ಕಾಣಿಸಿಕೊಳ್ಳುವ ಮೊದಲೇ ಸಿಂಪಡಿಸಬೇಕಾಗುತ್ತದೆ.